ಕಡ ಕೊಟ್ಟ ಕೂಗು

ನಮ್ಮೂರಿನ ಸುಂಕದ ಕಚೇರಿಯ ಮುಂದೆ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಒಂದು ಸಂತೆಗಾಗುವಷ್ಟು ಗದ್ದಲವಿರುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಅಲ್ಲಿ ಕಾಗೆ ರೆಕ್ಕೆ ಬಡಿದರೂ ಕೇಳುತ್ತದೆ. ಬೀದಿಯಲ್ಲಿ ಕೂಗಿ ಮಾರುವ ಪ್ರತಿಯೊಬ್ಬರೂ ಅಂದು ಸಾಲಿನಲ್ಲಿ ನಿಂತು, ಗುಮಾಸ್ತ ವೆಂಕೋಬರಾಯರು ಹಿಡಿದ ಭರಣಿಗೆ ಬಾಯಿಟ್ಟು ತಮ್ಮ ಕೂಗನ್ನು ಒಂದು ಸಲ ಪೂರ್ತಿಯಾಗಿ ಕೂಗಬೇಕು. ರಾಯರು ಆ ಕೂಡಲೇ ಭರಣಿಯ ಬಾಯಿಗೆ ಬಟ್ಟೆ ಹಾಕಿ, ದಾರ ಬಿಗಿದು, ಚೀಟಿ ಅಂಟಿಸುತ್ತಾರೆ. ಅಲ್ಲಿಗೆ ತೆರಿಗೆ ಸಂದಾಯವಾದಂತೆ. ಆಮೇಲೆ ನಾಲ್ಕು ದಿನ ನಮಗೆ ದನಿ ಇರುವುದಿಲ್ಲ. ಐದನೆಯ ದಿನ ಬೆಳಿಗ್ಗೆ, ಕತ್ತರಿಸಿದ ಉಗುರು ಬೆಳೆದ ಹಾಗೆ, ತಾನಾಗಿ ಬರುತ್ತದೆ. ಈ ಭರಣಿಗಳನ್ನೆಲ್ಲ ಏನು ಮಾಡುತ್ತೀರಿ ಎಂದು ನಾನೊಮ್ಮೆ ರಾಯರನ್ನು ಕೇಳಿದ್ದೆ. "ಉಗ್ರಾಣದಲ್ಲಿ ಜೋಡಿಸ್ತೀವಿ" ಎಂದರು. ಉಗ್ರಾಣ ತುಂಬಿದರೆ? "ಇನ್ನೊಂದು ಉಗ್ರಾಣ ಕಟ್ಟಿಸ್ತೀವಿ." ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುತ್ತಾರೆ. ನಮ್ಮೂರಿನಲ್ಲಿ ಹೇಳಿಕೊಳ್ಳುವ ಮಾತೇ ಬರುವುದಿಲ್ಲ.

ನನ್ನ ಹೆಸರು ಹುಚ್ಚೀರಯ್ಯ. ಸೈಕಲ್ಲಿನ ಮೇಲೆ ಸೀಗೆಪುಡಿ, ಅಂಟುವಾಳ ಇಟ್ಟುಕೊಂಡು ಮಾರುವವನು. "ಸೀಗೇ… ಸೀಗೇಪುಡಿ, ಅಂಟ್ವಾಳಾ!" ಎನ್ನುವುದು ನನ್ನ ಕೂಗು. ನನ್ನನ್ನು ನಾನೇ ಹೊಗಳಿಕೊಳ್ಳಬಾರದು, ನಿಜ. ಬೇರೆಯವರು ಹೊಗಳಲಿ ಎಂದು ಕಾಯುತ್ತ ಕೂರುವಷ್ಟು ತಾಳ್ಮೆ ನನಗಿಲ್ಲ. ನಾನು ಗಾಣದ ಬೀದಿಯ ಮೂಲೆಯಲ್ಲಿ ಕೂಗಿದರೆ ಮೂರು ಬೀದಿ ಆಚೆಯ ಹೆಂಗಸರು ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಶುರುಮಾಡುತ್ತಿದ್ದರು.

ದನಿಯಿಲ್ಲದ ನಾಲ್ಕು ದಿನಕ್ಕೆ ಊರು ಒಗ್ಗಿಹೋಗಿತ್ತು. ಸೊಪ್ಪಿನ ದ್ಯಾವಮ್ಮ ಎರಡು ತೆಂಗಿನ ಚಿಪ್ಪು ಬಡಿದುಕೊಂಡು ಬರುತ್ತಿದ್ದಳು. ಚಾಕುಚೂರಿಗೆ ಸಾಣೆ ಹಿಡಿಯುವ ದಸ್ತಗೀರ್ ಸಾಬರು ಸಾಣೆಕಲ್ಲಿಗೆ ಕಬ್ಬಿಣ ತಾಗಿಸಿ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸುತ್ತಿದ್ದರು. ಕೆಲವು ಗಿರಾಕಿಗಳು ಬೇಕೆಂದೇ ಆ ದಿನಗಳಿಗೆ ಕಾದಿದ್ದು ಬರುತ್ತಿದ್ದರು, ಬಾಯಿಲ್ಲದ ದ್ಯಾವಮ್ಮನ ಬುಟ್ಟಿಯಿಂದ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಎಳೆದುಕೊಳ್ಳುವುದು ಸುಲಭವಲ್ಲವೇ. ದ್ಯಾವಮ್ಮ ಅಂಥವರ ಮುಖ ನೆನಪಿಟ್ಟುಕೊಂಡು, ಐದನೆಯ ದಿನ ಅವರವರ ಮನೆ ಮುಂದೆ ನಿಂತು, ಬಾಕಿ ಇದ್ದದ್ದನ್ನೆಲ್ಲ ಬೈದು ಬರುತ್ತಿದ್ದಳು. ನಮ್ಮೂರಿನಲ್ಲಿ ಜಗಳಗಳೆಲ್ಲ ಐದನೆಯ ದಿನವೇ ನಡೆಯುವುದು.

ನನ್ನ ಮನೆಯ ಕಷ್ಟ ಬೇರೆ ಇತ್ತು. ನನ್ನ ಹೆಂಡತಿ ಚೆನ್ನಾಜಮ್ಮನಿಗೆ ಮದುವೆಯಾದ ಆರನೆಯ ವರ್ಷಕ್ಕೆ ಕಣ್ಣು ಹೋದವು. ಅಲ್ಲಿಂದ ಇಪ್ಪತ್ತೆರಡು ವರ್ಷ ಅವಳು ನನ್ನನ್ನು ಕಂಡದ್ದೆಲ್ಲ ನನ್ನ ಕೂಗಿನಲ್ಲಿ. ಗಾಣದ ಬೀದಿಯ ಮೂಲೆಯಲ್ಲಿ ಕೂಗು ಕೇಳಿದರೆ ಕಾಫಿಗೆ ನೀರಿಡುವಳು. ನಮ್ಮ ಬೀದಿಯ ತಿರುವಿನಲ್ಲಿ ಕೇಳಿದರೆ ಹಾಲು ಬೆರೆಸುವಳು. ನಾನು ಸೈಕಲ್ ಒರಗಿಸುವ ಹೊತ್ತಿಗೆ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿರುವಳು. ವ್ಯಾಪಾರ ಆಯಿತೋ ಇಲ್ಲವೋ, ದಾರಿಯಲ್ಲಿ ಬೋಂಡ ತಿಂದೆನೋ ಏನೋ, ಎಲ್ಲ ಅವಳಿಗೆ ಆ ಕೂಗಿನಲ್ಲೇ ಗೊತ್ತಾಗುತ್ತಿತ್ತು. ಒಂದು ವರ್ಷ ಒಳ್ಳೆಯ ಸೀಗೆಕಾಯಿ ಸಿಗದೆ ನಾನು ಪುಡಿಗೆ ಒಂದಿಷ್ಟು ಮರದ ಹೊಟ್ಟು ಸೇರಿಸಿದ್ದೆ. ಇಡೀ ಊರಿಗೆ ಗೊತ್ತಾಗಲಿಲ್ಲ. ಸಂಜೆ ಬಂದರೆ ಚೆನ್ನಾಜಿ ಲೋಟ ಕೊಡದೆ ಕೈಯಲ್ಲೇ ಹಿಡಿದುಕೊಂಡು, "ಇವತ್ತು ಕೂಗಿನ ಕೊನೇಲಿ ಎಡವಿದ್ರಿ. ಏನು ಬೆರೆಸಿದ್ದೀರಿ?" ಎಂದಳು. ಆ ಪುಡಿಯನ್ನೆಲ್ಲ ಹಳ್ಳಕ್ಕೆ ಸುರಿದು ಬಂದ ಮೇಲೆಯೇ ನನಗೆ ಕಾಫಿ ಸಿಕ್ಕಿದ್ದು.

ಇಂಥವಳಿಗೆ ತಿಂಗಳಲ್ಲಿ ನಾಲ್ಕು ದಿನ ಗಂಡ ಊರಿನಲ್ಲಿ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಎನ್ನುವುದೇ ತಿಳಿಯುತ್ತಿರಲಿಲ್ಲ. ಸೈಕಲ್ ಗಂಟೆ ಬಾರಿಸಿ ನೋಡಿದೆ. ಊರಿನಲ್ಲಿ ಸೈಕಲ್ಲುಗಳಿಗೆ ಬರವೇ. ಚಕ್ರಕ್ಕೆ ಗೆಜ್ಜೆ ಕಟ್ಟಿ ನೋಡಿದೆ. ಚೆನ್ನಾಜಿ ಎರಡು ಸಲ ಯಾರದೋ ಎತ್ತಿನಗಾಡಿಗೆ ಕಾಫಿ ಹಿಡಿದು ನಿಂತಳು. ಕಡೆಗೆ ಅವಳು ಆ ನಾಲ್ಕು ದಿನ ಒಲೆ ಹಚ್ಚದೆ ಹೊಸ್ತಿಲಲ್ಲಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು. ನಾನು ಬಂದು ಭುಜ ಮುಟ್ಟಿದಾಗ, ಹಿಡಿದಿಟ್ಟಿದ್ದ ಉಸಿರನ್ನು ಬಿಡುತ್ತಿದ್ದಳು. ಆ ಉಸಿರನ್ನು ಕೇಳಲು ನನಗೆ ಹಿಂಸೆಯಾಗುತ್ತಿತ್ತು.

ಹೀಗಿರುವಾಗ ಸರ್ಕಾರ ಹೊಸ ಮಸೂದೆ ತಂದಿತು. ನಮ್ಮದು ಒಂದೇ ಊರಾದರೂ ಸರ್ಕಾರ ಮಾತ್ರ ಪೂರ್ತಿ ಇದೆ: ಮುಖ್ಯಮಂತ್ರಿ, ಸಭಾಪತಿ, ನಲವತ್ತು ಜನ ಆಳುವ ಪಕ್ಷದವರು, ಹನ್ನೊಂದು ಜನ ವಿರೋಧ ಪಕ್ಷದವರು. ಮಸೂದೆಯ ಪ್ರಕಾರ ಇನ್ನು ಮುಂದೆ ಸಣ್ಣ ವ್ಯಾಪಾರಿಗಳು ನಾಲ್ಕು ದಿನದ ಬದಲು ಹತ್ತು ದಿನದ ದನಿ ಕಟ್ಟಬೇಕು. ಪೇಟೆಯ ನಡುವೆ ಹೊಸದಾಗಿ ಎದ್ದಿದ್ದ ನಾಲ್ಕಂತಸ್ತಿನ ಗಾಜಿನ ಅಂಗಡಿಗೆ ಇದು ಅನ್ವಯಿಸುವುದಿಲ್ಲ. ಅವರು ಕೂಗಿ ಮಾರುವುದಿಲ್ಲ, ಬೋರ್ಡು ಹಾಕುತ್ತಾರೆ. ಕೂಗೇ ಇಲ್ಲದವರಿಂದ ಏನನ್ನು ವಸೂಲು ಮಾಡುವುದು ಎಂದು ಮಂತ್ರಿಗಳು ಬಹಳ ನ್ಯಾಯವಾಗಿ ಕೇಳಿದರು. ಆ ಅಂಗಡಿಯಲ್ಲಿ ಸೀಗೆಪುಡಿಯೂ ಪೊಟ್ಟಣದಲ್ಲಿ ಸಿಗುತ್ತಿತ್ತು. ನಾವು ಹತ್ತು ದಿನ ಮೂಗರಾದರೆ ಜನ ಅಲ್ಲಿಗೆ ಹೋಗುವುದು ಅಭ್ಯಾಸವಾಗುತ್ತದೆ, ಅಭ್ಯಾಸವಾದ ಮೇಲೆ ನಾವು ಮಿಕ್ಕ ಇಪ್ಪತ್ತು ದಿನ ಗಂಟಲು ಹರಿದುಕೊಂಡರೂ ಅಷ್ಟೇ.

ಆಗ ನಮ್ಮ ಪಾಲಿಗೆ ಎದ್ದು ನಿಂತವರು ವಿರೋಧ ಪಕ್ಷದ ನಾಯಕ ಗುರುಮಲ್ಲಪ್ಪನವರು. ಹದಿನಾಲ್ಕು ವರ್ಷದಿಂದ ಅವರು ಎಲ್ಲವನ್ನೂ ವಿರೋಧಿಸುತ್ತ ಬಂದು ಗಂಟಲು ಪೂರ್ತಿ ಕೆಟ್ಟುಹೋಗಿತ್ತು. ಹಾಸುಗಲ್ಲಿನ ಮೇಲೆ ಚಪ್ಪಲಿ ಎಳೆದಂಥ ದನಿ. ತರಕಾರಿ ಮಂಡಿಯ ಹಿಂದಿನ ಬಯಲಿನಲ್ಲಿ ನಮ್ಮನ್ನೆಲ್ಲ ಸೇರಿಸಿ, ಮೆಣಸಿನ ಕಷಾಯ ಗುಟುಕರಿಸುತ್ತ ಹೇಳಿದರು: "ಬಂಧುಗಳೇ, ಈ ಮಸೂದೆ ನಿಮ್ಮ ಕತ್ತಿಗೆ ಹಗ್ಗ. ನಾನು ಇದನ್ನ ಸಭೆಯಲ್ಲಿ ಎದುರಿಸ್ತೀನಿ. ಆದ್ರೆ ಹೇಗೆ ಎದುರಿಸಲಿ? ನಮ್ಮ ಸಭೇಲಿ ತಲೆ ಎಣಿಸೋದಿಲ್ಲ, ದನಿ ಕೇಳ್ತಾರೆ. ಯಾವ ಕಡೆ ದನಿ ದೊಡ್ಡದೋ ಆ ಕಡೆ ತೀರ್ಪು. ಅವರು ನಲವತ್ತು ಜನ. ನಾವು ಹನ್ನೊಂದು, ಅದರಲ್ಲೂ ಒಬ್ಬರಿಗೆ ಉಬ್ಬಸ. ನಿಮ್ಮ ದನಿಗಳನ್ನ ಒಂದೇ ಒಂದು ದಿನದ ಮಟ್ಟಿಗೆ ನನಗೆ ಕಡ ಕೊಡಿ. ಮುನ್ನೂರು ದನಿ ಒಟ್ಟಿಗೆ ಇಲ್ಲ ಅಂದ್ರೆ ಸಭಾಭವನದ ಹೆಂಚು ಹಾರಿಹೋಗುತ್ತೆ. ಸಂಜೆಗೆ ವಾಪಸ್ಸು. ನಿಮ್ಮ ಮೇಲೆ ಒಂದು ದಿನದ ತೆರಿಗೆಯೂ ಬೀಳದಂತೆ ನೋಡ್ಕೊಳ್ತೀನಿ, ಇದು ಗುರುಮಲ್ಲಪ್ಪನ ಮಾತು!"

ನಾವು ಚಪ್ಪಾಳೆ ತಟ್ಟಿದೆವು. ಅವರು ಕಟ್ಟೆಯಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡು, "ಹುಚ್ಚೀರಯ್ಯನವರೇ, ಪೇಟೆಗೆಲ್ಲ ನಿಮ್ಮ ದನೀನೇ ದೊಡ್ಡದು. ನಿಮ್ಮದೊಂದು ಬಂದ್ರೆ ಮಿಕ್ಕಿದ್ದೆಲ್ಲ ಹಿಂದೇನೇ ಬರುತ್ತೆ" ಎಂದರು. ಯಾರಾದರೂ ಹೊಗಳಲಿ ಎಂದು ಇಪ್ಪತ್ತೆಂಟು ವರ್ಷದಿಂದ ಕಾದಿದ್ದ ಮನುಷ್ಯ ನಾನು. ಅಲ್ಲೇ ಒಪ್ಪಿಕೊಂಡುಬಿಟ್ಟೆ.

ಬೇಡ ಎಂದವರು ಇಬ್ಬರು. ಮೊದಲನೆಯವರು ಸುಂಕದ ವೆಂಕೋಬರಾಯರು. ದಾರಿಯಲ್ಲಿ ಸೈಕಲ್ ಅಡ್ಡಗಟ್ಟಿ, ಆಚೀಚೆ ನೋಡಿ, ಮೆಲ್ಲಗೆ ಹೇಳಿದರು. "ನೋಡಿ, ನಾನು ಸರ್ಕಾರದ ಉಪ್ಪು ತಿನ್ನೋನು, ಹೇಳಬಾರದು. ನಾವು ತೊಗೊಳೋದು ಮೇಲಿನ ಕೆನೆ. ಅದು ಮತ್ತೆ ಕಟ್ಟುತ್ತೆ. ಆದ್ರೆ ಮನಸ್ಸಾರೆ ಕೊಟ್ಟ ದನಿ ಬೇರುಸಮೇತ ಬರುತ್ತೆ. ಇಸ್ಕೊಂಡೋರು ತಾವಾಗಿ ಕೊಡೋವರೆಗೂ ಚಿಗುರೋದಿಲ್ಲ." ಸುಂಕದವನಿಗೆ ನಮ್ಮ ಹೋರಾಟ ಸಹಿಸುವುದಿಲ್ಲ, ಹೆದರಿಸುತ್ತಿದ್ದಾನೆ ಎಂದುಕೊಂಡು ನಾನು ನಕ್ಕು ಮುಂದೆ ಹೋದೆ.

ಎರಡನೆಯವಳು ಚೆನ್ನಾಜಿ. "ಅಷ್ಟು ಜನರ ದನಿ ಬೇಕು ಅಂತೀರಲ್ಲ, ನನಗಿರೋದು ಅದೊಂದೇ" ಎಂದಳು.

"ಒಂದೇ ದಿನ ಕಣೇ. ಸಂಜೆ ಕಾಫಿ ಹೊತ್ತಿಗೆ ಕೂಗ್ಕೊಂಡೇ ಬರ್ತೀನಿ. ಇದಾಗದಿದ್ರೆ ತಿಂಗಳಿಗೆ ಹತ್ತು ದಿನ ನೀನು ಹೊಸ್ತಿಲಲ್ಲಿ ಕೂರ್ಬೇಕು, ಅದು ಬೇಕಾ?"

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದಳು. ಆಮೇಲೆ, "ಹೋಗೋ ಮುಂಚೆ ಒಂದ್ಸಲ ಇಲ್ಲೇ ಕೂಗಿ" ಎಂದಳು. ನಾಲ್ಕು ಗೋಡೆಯ ನಡುವೆ, ಮಾರಲು ಏನೂ ಇಲ್ಲದೆ, ಅವಳೊಬ್ಬಳಿಗಾಗಿ ನಾನು ಸೀಗೇಪುಡಿ ಎಂದು ಕೂಗಿದೆ. ನಾಚಿಕೆಯಾಯಿತು. ಅವಳು ತಲೆಯಾಡಿಸಿ ಒಳಗೆ ಹೋದಳು.

ಮಸೂದೆಯ ದಿನ ಬೆಳಿಗ್ಗೆ ಮುನ್ನೂರು ಜನ ಗುರುಮಲ್ಲಪ್ಪನವರ ಮನೆಯಂಗಳದಲ್ಲಿ ಸಾಲಾಗಿ ನಿಂತು ಭರಣಿಗಳಿಗೆ ಕೂಗಿದೆವು. ಅವರು ಒಂದೊಂದನ್ನೇ ಎತ್ತಿ ಮಜ್ಜಿಗೆ ಕುಡಿದಂತೆ ಗಟಗಟ ಕುಡಿದರು. ದ್ಯಾವಮ್ಮನದನ್ನು ಕುಡಿಯುವಾಗ ಸ್ವಲ್ಪ ಖಾರವಾಯಿತೆಂದು ಕಾಣುತ್ತದೆ, ಕಣ್ಣಲ್ಲಿ ನೀರು ಬಂತು. ಕಡೆಯ ಭರಣಿ ಮುಗಿದಾಗ ಅವರ ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು. ಬಾಯಿ ಮುಚ್ಚಿಕೊಂಡೇ ಸಭೆಗೆ ನಡೆದರು. ನಾವು ಹಿಂದೆಯೇ ಹೋಗಿ ಸಭಾಭವನದ ಕಿಟಕಿಗಳಿಗೆ ಅಂಟಿಕೊಂಡೆವು. ಅಷ್ಟು ಜನ ಸೇರಿದ್ದರೂ ಗುಂಪಿನಲ್ಲಿ ಚಪ್ಪಲಿಯ ಸದ್ದು ಬಿಟ್ಟು ಇನ್ನೇನೂ ಇರಲಿಲ್ಲ.

ಸಭಾಪತಿಗಳು ಮಸೂದೆ ಓದಿ, ಪರವಾಗಿರುವವರು ಹೌದು ಎನ್ನಿ ಎಂದರು. ನಲವತ್ತು ಜನ, ಊಟದ ಹೊತ್ತಾಗಿದ್ದರಿಂದ, ಸಾಧಾರಣವಾದ ಒಂದು ಹೌದು ಎಂದರು. ವಿರೋಧವಾಗಿರುವವರು ಇಲ್ಲ ಎನ್ನಿ ಎಂದರು. ಗುರುಮಲ್ಲಪ್ಪನವರು ಎದ್ದರು. ಶಲ್ಯ ಸರಿಮಾಡಿಕೊಂಡರು. ಬಾಯಿ ತೆರೆದರು.

"ಸೊಪ್ಪೋ ಸೊಪ್ಪು! ದಂಟು, ಮೆಂತ್ಯ, ಕೊತ್ತಂಬ್ರೀ! ಚಾಕೂ ಚೂರೀ ಕತ್ತರೀ, ಸಾಣೇ! ಸೀಗೇ… ಸೀಗೇಪುಡಿ, ಅಂಟ್ವಾಳಾ! ಹಳೇ ಪಾತ್ರೆಗೆ ಕಲಾಯ್!"

ಕಿಟಕಿಯ ಎರಡು ಗಾಜು ಒಡೆದವು. ಬಡಪಾಯಿ ಮನುಷ್ಯ ಕೈಯಿಂದ ಗಂಟಲು ಹಿಡಿದು, 'ಇಲ್ಲ' ಎನ್ನುವ ಎರಡಕ್ಷರ ಹೊರಡಿಸಲು ಎಷ್ಟು ಒದ್ದಾಡಿದರೂ ಹೊರಡಲಿಲ್ಲ. ತಪ್ಪು ಅವರದಲ್ಲ. ನಾವೆಲ್ಲ ಅಂಗಳದಲ್ಲಿ ಭರಣಿಗೆ ಬಾಯಿಟ್ಟಾಗ, ತಿಂಗಳು ತಿಂಗಳು ಮಾಡುವ ಅಭ್ಯಾಸದಂತೆ, ಅವರವರ ಕೂಗನ್ನೇ ಕೂಗಿ ಬಂದಿದ್ದೆವು. ಮುನ್ನೂರು ಜನರಲ್ಲಿ ಒಬ್ಬರಿಗೂ 'ಇಲ್ಲ' ಎಂದು ಕೂಗಿ ಕೊಡಬೇಕೆಂದು ಹೊಳೆಯಲಿಲ್ಲ. ಗಿರಾಕಿಗೆ ಇಲ್ಲ ಎನ್ನಬಾರದು ಎಂದು ಅಪ್ಪಂದಿರು ಕಲಿಸಿದ ಜನ ನಾವು. ದಸ್ತಗೀರ್ ಸಾಬರು ಕಿಟಕಿಯ ಸರಳು ಹಿಡಿದು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಸಭಾಪತಿಗಳಿಗೆ ಪೇಚಾಯಿತು. ದೊಡ್ಡ ದನಿ ಯಾವುದೆನ್ನುವುದರಲ್ಲಿ ಅನುಮಾನವಿರಲಿಲ್ಲ, ಆದರೆ ಕೊತ್ತಂಬರಿ ಎನ್ನುವುದು ಮಸೂದೆಯ ಪರವೋ ವಿರುದ್ಧವೋ ನಿಯಮಾವಳಿಯಲ್ಲಿ ಇರಲಿಲ್ಲ. ಮುಖ್ಯಮಂತ್ರಿಗಳು ಮಾತ್ರ ಆ ಗದ್ದಲದ ನಡುವೆಯೂ ಗುರುಮಲ್ಲಪ್ಪನವರನ್ನೇ ನೋಡುತ್ತ ಕುಳಿತಿದ್ದರು. ಇಂಥ ಗಂಟಲು ಎದುರಿನ ಬೆಂಚಿನಲ್ಲಿ ಇರಬಾರದು ಎಂದು ಅವರಿಗೆ ಅನಿಸಿರಬೇಕು. ಸಭೆಯನ್ನು ಮುಂದೂಡಿಸಿದರು. ಒಳಕೋಣೆಗೆ ಮುಖ್ಯಮಂತ್ರಿಗಳೂ ಗುರುಮಲ್ಲಪ್ಪನವರೂ ಹೋದರು. ಮೂರು ದಿನ ಬಿಟ್ಟು ಮಸೂದೆ ಪಾಸಾಯಿತು, ಹತ್ತು ದಿನವಲ್ಲ, ಒಂಬತ್ತು ದಿನ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಣ್ಣ ವ್ಯಾಪಾರಿಗಳ ಐತಿಹಾಸಿಕ ಗೆಲುವು ಎಂದು ಗೋಡೆಗಳ ಮೇಲೆ ಕಾಗದ ಅಂಟಿಸಿದರು. ಗುರುಮಲ್ಲಪ್ಪನವರು ತೆರಿಗೆ ಖಾತೆಯ ಮಂತ್ರಿಯಾದರು.

ದನಿ ವಾಪಸ್ಸು ಬರಲಿಲ್ಲ. ಹೊಸ ಮಂತ್ರಿಗೆ ಕೆಲಸ ಹೆಚ್ಚು, ಇನ್ನೊಂದು ಅಧಿವೇಶನ ಮುಗಿಯಲಿ ಎಂದು ಅವರ ಕಡೆಯವರು ಹೇಳಿದರು. ನಾವು ಅರ್ಜಿ ಬರೆದುಕೊಂಡು ಹೋದೆವು. ಸಚಿವರ ಬಾಗಿಲಲ್ಲಿ ಹೊಸ ಬೋರ್ಡು ಹಾಕಿತ್ತು, ದೂರುಗಳನ್ನು ಬಾಯಿಮಾತಿನಲ್ಲಿ ಮಾತ್ರ ಸ್ವೀಕರಿಸಲಾಗುವುದು ಎಂದು. ತಿಂಗಳ ಮೊದಲ ಸೋಮವಾರ ಬಂತು. ಹೆದರುತ್ತಲೇ ಸುಂಕದ ಕಚೇರಿಗೆ ಹೋಗಿ ನಿಂತೆವು. ವೆಂಕೋಬರಾಯರು ಭರಣಿ ಹಿಡಿದು ಒಬ್ಬೊಬ್ಬರ ಬಾಯಿ ನೋಡಿ, ಚೀಟಿಯ ಮೇಲೆ ಬರೆದುಕೊಟ್ಟರು: ದನಿ ಇಲ್ಲ, ತೆರಿಗೆ ಇಲ್ಲ. ನಮ್ಮ ಮೇಲೆ ಒಂದು ದಿನದ ತೆರಿಗೆಯೂ ಬೀಳದಂತೆ ನೋಡಿಕೊಳ್ಳುತ್ತೇನೆ ಎಂದಿದ್ದರಲ್ಲ, ಮಂತ್ರಿಗಳು ಮಾತು ಉಳಿಸಿಕೊಂಡಿದ್ದರು. ಈಗ ನಾವೂ ಗಾಜಿನ ಅಂಗಡಿಯವರೂ ಸರಿಸಮಾನ. ರಾಯರು ನನ್ನ ಚೀಟಿ ಕೊಡುವಾಗ ಮುಖ ಎತ್ತಲಿಲ್ಲ. "ಹೇಳಿದ್ನಲ್ರೀ" ಎಂದರು, ಅಷ್ಟೇ.

ಚೆನ್ನಾಜಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಬೆಳಿಗ್ಗೆ ನಾನು ಹೊರಡುವಾಗ ಬಂದು ಕೆನ್ನೆ, ಗಲ್ಲ ಸವರಿ ನೋಡುತ್ತಿದ್ದಳು. ಸಂಜೆಯವರೆಗೆ ಹೊಸ್ತಿಲಲ್ಲಿ ಕುಳಿತಿರುತ್ತಿದ್ದಳು. ನಾನು ಬೀದಿಬೀದಿ ಸುತ್ತಿ ಬರುತ್ತಿದ್ದೆ, ಬುಟ್ಟಿ ತುಂಬಿದ್ದದ್ದು ತುಂಬಿದಂತೆಯೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಎರಡು ತಿಂಗಳು ಸಂಜೆಯ ಕಾಫಿ ಆಗಲಿಲ್ಲ.

ಮೂರನೆಯ ತಿಂಗಳಲ್ಲಿ ಮಂತ್ರಿಗಳು ಜನರ ಕುಶಲ ವಿಚಾರಿಸಲು ಜೀಪಿನಲ್ಲಿ ಹೊರಟರು. ಅಷ್ಟು ಹೊತ್ತಿಗೆ ಅವರು ನಮ್ಮ ದನಿಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ಕಲಿತಿದ್ದರು. ಯಾವ ಬೀದಿಗೆ ಹೋದರೆ ಆ ಬೀದಿಯವರಿಗೆ ಪರಿಚಯದ ದನಿ. ಮೊದಲು ಆ ದನಿಯ ಹಳೆಯ ಕೂಗು ತಾನಾಗಿ ಹೊರಬರುತ್ತಿತ್ತು, ಅದನ್ನು ತಡೆಯಲು ಅವರಿಗೂ ಆಗಿರಲಿಲ್ಲ. ಆಮೇಲೆ ಅದೇ ದನಿಯಲ್ಲಿ ಭಾಷಣ. ಆ ಸಂಜೆ ನಾನು ಸೈಕಲ್ ತಳ್ಳಿಕೊಂಡು ಮನೆಗೆ ಬರುತ್ತಿದ್ದೆ. ಮುಂದೆ ಜೀಪು, ಅದರ ನೆತ್ತಿಯ ಮೇಲೆ ಧ್ವನಿವರ್ಧಕ. ಗಾಣದ ಬೀದಿಯ ಮೂಲೆಯಲ್ಲಿ ಅದು ಕೂಗಿತು.

"ಸೀಗೇ… ಸೀಗೇಪುಡಿ, ಅಂಟ್ವಾಳಾ!"

ನಾನು ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು, ಒಂದು ಕೂದಲೂ ಕೊಂಕಿರಲಿಲ್ಲ. ಈಗ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಗೊತ್ತು. ಅವಳು ಎದ್ದಿದ್ದಾಳೆ, ಗೋಡೆ ಹಿಡಿದು ಒಳಗೆ ಹೋಗಿದ್ದಾಳೆ, ನೀರಿಟ್ಟಿದ್ದಾಳೆ. ಜೀಪನ್ನು ದಾಟಿ ಮುಂದೆ ಹೋಗಲು ನೋಡಿದೆ. ಬೀದಿ ಕಿರಿದು, ಜೊತೆಗೆ ಮಂತ್ರಿಯ ಕಡೆಯವರು ಅಡ್ಡ. ನಮ್ಮ ತಿರುವಿನಲ್ಲಿ ಅದು ಇನ್ನೊಂದು ಸಲ ಕೂಗಿತು. ಹಾಲು ಬೆರೆಸಿರಬೇಕು ಎಂದುಕೊಂಡೆ. ಓಡಿದೆ, ಮನೆಯ ಮುಂದೆಯೇ ಸೈಕಲ್ ಬಿದ್ದು ಸೀಗೆಪುಡಿಯೆಲ್ಲ ಬೀದಿಗೆ ಚೆಲ್ಲಿತು.

ಚೆನ್ನಾಜಿ ಹೊಸ್ತಿಲಲ್ಲಿ ಲೋಟ ಹಿಡಿದು ನಿಂತಿದ್ದಳು. ಎರಡು ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಇತ್ತು. "ಕೊಟ್ನಲ್ಲ ಕೊನೆಗೂ, ಪುಣ್ಯಾತ್ಮ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಜೀಪು ನಮ್ಮ ಮನೆ ಮುಂದೆಯೇ ನಿಂತಿತು. ಗುರುಮಲ್ಲಪ್ಪನವರು ಕೈ ಮುಗಿದು, ನನ್ನ ದನಿಯಲ್ಲಿ ಶುರುಮಾಡಿದರು. "ನನ್ನ ಸಣ್ಣ ವ್ಯಾಪಾರಿ ಬಂಧುಗಳೇ, ಈವತ್ತು ನಿಮಗೆ ತೆರಿಗೆಯ ಭಾರವಿಲ್ಲ. ನಿಮ್ಮ ವ್ಯಾಪಾರ ಹಿಂದೆಂದಿಗಿಂತ ಚೆನ್ನಾಗಿ ನಡೀತಿದೆ. ನೀವೆಲ್ಲ ಸುಖವಾಗಿದ್ದೀರಿ."

ಅವಳ ಕೈಯಲ್ಲಿದ್ದ ಲೋಟ ಅರ್ಧಕ್ಕೆ ನಿಂತಿತು. ನಗು ಹೋಯಿತು.

"ಏನ್ರೀ," ಎಂದಳು, ಆ ದನಿ ಬಂದ ಕಡೆಗೆ ಮುಖ ಮಾಡಿ. "ಕೊನೇಲಿ ಎಡವಿದ್ರಿ. ಏನು ಬೆರೆಸಿದ್ದೀರಿ?"

ನಾನು ಹೋಗಿ ಅವಳ ಭುಜ ಮುಟ್ಟಿದೆ. ಅವಳು ತಿರುಗಿ ನನ್ನ ಮುಖ ಸವರಿದಳು. ಒದ್ದೆಯಾಗಿದ್ದ ಕೆನ್ನೆಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತವು. ಲೋಟವನ್ನು ನನ್ನ ಕೈಗೆ ಕೊಟ್ಟಳು. ಅತ್ತ ಧ್ವನಿವರ್ಧಕ ಕೇಳುತ್ತಿತ್ತು: "ಸುಖವಾಗಿದ್ದೀರಿ ತಾನೇ? ಯಾರಾದ್ರೂ ಇಲ್ಲ ಅನ್ನೋರು ಇದ್ದೀರಾ?" ಬೀದಿಯ ತುಂಬ ಜನ ನಿಂತಿದ್ದರು, ದ್ಯಾವಮ್ಮ ಇದ್ದಳು, ದಸ್ತಗೀರ್ ಸಾಬರು ಇದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ, ಬಿಚ್ಚಿಯೂ ಪ್ರಯೋಜನವಿರಲಿಲ್ಲ. "ಮೌನಂ ಸಮ್ಮತಿ ಲಕ್ಷಣಂ" ಎಂದು ಮಂತ್ರಿಗಳು ಸಂತೋಷದಿಂದ ಹೇಳಿ ಡ್ರೈವರಿಗೆ ಸನ್ನೆ ಮಾಡಿದರು.

"ಇಲ್ಲ" ಎಂದಳು ಚೆನ್ನಾಜಿ.

ಯಾವತ್ತೂ ಬೀದಿಯಲ್ಲಿ ಕೂಗಿ ಮಾರಿದವಳಲ್ಲ, ಸಣ್ಣ ದನಿ. ಆದರೂ ಬೀದಿಯ ಕೊನೆಯವರೆಗೆ ಕೇಳಿಸಿತು. ಜೀಪು ಹೊರಡಲಿಲ್ಲ. ಗುರುಮಲ್ಲಪ್ಪನವರು ಮುಂದಿನ ಸೀಟಿನತ್ತ ನೋಡಿದರು. ಈಗ ಮಂತ್ರಿಗಳ ಖಾತೆಯ ಗುಮಾಸ್ತರಾಗಿ ಅಲ್ಲಿ ಕುಳಿತಿದ್ದ ವೆಂಕೋಬರಾಯರು ಸುಂಕದ ಪುಸ್ತಕ ತೆಗೆದು, ಕೆಳಗಿಳಿದು, ಚೆಲ್ಲಿದ ಸೀಗೆಪುಡಿಯನ್ನು ತುಳಿಯದಂತೆ ಕಾಲು ಎತ್ತಿಡುತ್ತ ನಮ್ಮ ಹೊಸ್ತಿಲಿಗೆ ಬಂದರು.

"ಹೆಸರು ಚೆನ್ನಾಜಮ್ಮ, ಅಲ್ಲವೇನಮ್ಮಾ. ಬೀದಿಯಲ್ಲಿ ಕೂಗಿದ್ದೀರಿ, ಬರ್ಕೋಬೇಕಾಗುತ್ತೆ. ಏನು ವ್ಯಾಪಾರ?"

"ಸೀಗೆಪುಡಿ" ಎಂದಳು. "ನಾಳೆಯಿಂದ ಸೈಕಲ್ ಹಿಂದೆ ನಾನು ಕೂತ್ಕೋತೀನಿ."

"ಒಂಬತ್ತು ದಿನದ ತೆರಿಗೆ ಬೀಳುತ್ತಮ್ಮ. ಮೊದಲನೇ ಸೋಮವಾರ ಬಂದು ಭರಣಿಗೆ ಕೂಗಬೇಕು."

"ಬರ್ತೀನಿ. ಏನು ಕೂಗ್ಬೇಕು ಅಂತ ಕಾನೂನಿದೆಯಾ ಸ್ವಾಮಿ?"

ರಾಯರು ಪುಸ್ತಕ ತಿರುವಿ ನೋಡಿದರು. "ಇಲ್ಲ, ನೀವು ಏನು ಕೂಗಿದ್ರೂ ಆಗುತ್ತೆ" ಎಂದರು.

"ಹಂಗಾದ್ರೆ ಈಗ ಕೂಗಿದ್ನಲ್ಲ, ಅದನ್ನೇ ಹಾಕ್ತೀನಿ. ಬರ್ಕೊಳಿ."